ಆಲಸ್ಯಕ್ಕೆ ಉಪದೇಶವೇ ಹಾಸಿಗೆ

ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂದು ಹಿರಿಯರು ಎಣಿಸಿದ ಆರು ವೈರಿಗಳ ಪಟ್ಟಿಯಲ್ಲಿ ಆಲಸ್ಯದ ಹೆಸರಿಲ್ಲ. ಪಟ್ಟಿ ಸಿದ್ಧವಾಗುತ್ತಿದ್ದ ದಿನ ಅದು ಎದ್ದು ಬರಲಿಲ್ಲವೆಂದು ತೋರುತ್ತದೆ! ಆದರೆ ಪತಂಜಲಿಯ ಕಣ್ಣನ್ನು ತಪ್ಪಿಸಿಕೊಳ್ಳುವುದು ಅದಕ್ಕೆ ಸಾಧ್ಯವಾಗಲಿಲ್ಲ. ಚಿತ್ತವನ್ನು ಚದುರಿಸುವ ಒಂಬತ್ತು ಅಂತರಾಯಗಳನ್ನು ಯೋಗಸೂತ್ರವು ಹೆಸರಿಸುವಾಗ ಆಲಸ್ಯವು ಐದನೆಯದಾಗಿ ಬರುತ್ತದೆ. ಮೊದಲನೆಯದು ವ್ಯಾಧಿ. ಈ ಅನುಕ್ರಮವನ್ನು ಉಪದೇಶಕರು ಗಮನಿಸಬೇಕು. ಮಲಗಿರುವವನನ್ನು ಸೋಮಾರಿಯೆಂದು ಜರೆಯುವ ಮೊದಲು ಅವನಿಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡುವುದು ಧರ್ಮ.

ಆಲಸ್ಯವೆಂದರೆ ಏನೂ ಮಾಡದಿರುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಲೋಕಾನುಭವವು ಬೇರೆಯದನ್ನೇ ಹೇಳುತ್ತದೆ. ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಯು ಮೇಜನ್ನು ಒರೆಸುತ್ತಾನೆ, ಪುಸ್ತಕಗಳಿಗೆ ಹೊದಿಕೆ ಹಾಕುತ್ತಾನೆ, ಮೂರು ಬಣ್ಣದ ಶಾಯಿಯಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾನೆ. ಓದುವುದೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿಯೂ ಅವನು ಕರ್ಮಯೋಗಿ! ಸೋಮಾರಿಯು ಹೆದರುವುದು ತನ್ನ ಪಾಲಿಗೆ ಬಂದ ಆ ಒಂದು ಕೆಲಸಕ್ಕೆ ಮಾತ್ರ. ಭೂತವನ್ನು ಹಿಂದಿರುಗಿಸಲು ಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುವ ವಾಡಿಕೆ ನಮ್ಮ ಹಲವು ಊರುಗಳಲ್ಲಿತ್ತು. ಸೋಮಾರಿಯು ಅದನ್ನೇ ಕರ್ತವ್ಯಕ್ಕಾಗಿ ಬರೆದಿಟ್ಟಿರುತ್ತಾನೆ. ಭೂತಕ್ಕೆ ಅಕ್ಷರಜ್ಞಾನವಿತ್ತು, ಓದಿ ಹಿಂದಿರುಗಿತು; ಕರ್ತವ್ಯವಾದರೋ ಹೊಸ್ತಿಲಲ್ಲಿಯೇ ಕುಳಿತು ಬಡ್ಡಿ ಎಣಿಸುತ್ತದೆ.

ಆಲಸ್ಯವನ್ನು ಹೊಗಳಿದವರೂ ಉಂಟು. ಆಂಗ್ಲ ಲೇಖಕ ಜೆರೋಮ್ ಕೆ. ಜೆರೋಮ್ 1886ರಲ್ಲಿ ಸೋಮಾರಿಯ ಆಲೋಚನೆಗಳೆಂದು ಒಂದು ಪುಸ್ತಕವನ್ನೇ ಹೊರತಂದರು. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1932ರಲ್ಲಿ ಆಲಸ್ಯದ ಪ್ರಶಂಸೆ ಬರೆದು ದಿನಕ್ಕೆ ನಾಲ್ಕು ಗಂಟೆಗಳ ದುಡಿಮೆ ಸಾಕೆಂದರು. ವಿರಾಮವು ಉಳ್ಳವರ ಸೊತ್ತಾಗಬಾರದೆಂಬ ನ್ಯಾಯವಾದ ಕಳಕಳಿ ಅಲ್ಲಿತ್ತು. ಆದರೆ ಹಾಗೆಂದವರು ತೊಂಬತ್ತು ದಾಟಿದ ಮೇಲೂ ಗ್ರಂಥ ಬರೆಯುತ್ತಲೇ ಇದ್ದರು. ಆಲಸ್ಯದ ಪರವಾಗಿ ವಕಾಲತ್ತು ವಹಿಸಿದವರೆಲ್ಲ ಕಷ್ಟಜೀವಿಗಳೇ. ನಿಜವಾದ ಸೋಮಾರಿಯು ತನ್ನ ಪರವಾಗಿ ಒಂದು ಅರ್ಜಿಯನ್ನಾದರೂ ಬರೆದುಕೊಟ್ಟ ದಾಖಲೆಯಿಲ್ಲ.

ಇನ್ನು ಆಲಸ್ಯವನ್ನು ಓಡಿಸುವ ಗ್ರಂಥಗಳು. ‘ಸ್ವಸಹಾಯ’ ಎಂಬ ಹೆಸರನ್ನೇ ಹೊತ್ತು ಈ ಸಾಹಿತ್ಯಕ್ಕೆ ಹೆಸರು ತಂದ ಕೃತಿಯು 1859ರಲ್ಲಿ ಪ್ರಕಟವಾಯಿತು. ಬರೆದವರು ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಸ್ಮೈಲ್ಸ್. ಮೊದಲ ವರ್ಷವೇ 20,000 ಪ್ರತಿಗಳು ಖರ್ಚಾದವು. 1871ರ ಹೊತ್ತಿಗೆ ಅದು ಜಪಾನೀ ಭಾಷೆಗೂ ಬಂದಿತು. ಆದರೆ ಆ ಗ್ರಂಥ ಹುಟ್ಟಿದ ಬಗೆಯನ್ನು ನೆನೆಯುವವರು ವಿರಳ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಇಬ್ಬರು ಮೂವರು ಬಡ ಯುವಕರು ಚಳಿಗಾಲದ ಸಂಜೆಗಳಲ್ಲಿ ಒಂದು ಗುಡಿಸಲಿನಲ್ಲಿ ಸೇರಿ ತಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳತೊಡಗಿದರು. ತುಸು ಬಲ್ಲವನು ಏನೂ ಬಲ್ಲದವನಿಗೆ ಕಲಿಸಿದನು. ಬೇಸಗೆಯಲ್ಲಿ ಅವರು ತೋಟದಲ್ಲಿ ಕುಳಿತು ಕಲಿಯುತ್ತಿದ್ದರೆ ಹಠಾತ್ತನೆ ಸುರಿದ ಮಳೆಯು ಪಾಟಿಯ ಮೇಲಣ ಲೆಕ್ಕವನ್ನು ತೊಳೆದುಬಿಡುತ್ತಿತ್ತು. ಸಂಖ್ಯೆ ಬೆಳೆದಾಗ ಅವರು ಹಿಡಿದ ಬಾಡಿಗೆ ಕೋಣೆಯು ಹಿಂದೆ ಕಾಲರಾ ರೋಗಿಗಳ ಆಸ್ಪತ್ರೆಯಾಗಿದ್ದುದು. ಅಂಜಿಕೆಯಿಂದ ಬೇರಾರೂ ಅದನ್ನು ಹಿಡಿದಿರಲಿಲ್ಲ. ಆ ಬಳಿಕ ಅವರು ಸ್ಮೈಲ್ಸರನ್ನು ನಾಲ್ಕು ಮಾತು ಹೇಳಲು ಕರೆದರು. ಆ ಮಾತುಗಳೇ ಬೆಳೆದು ಗ್ರಂಥವಾದವು.

ಅಲ್ಲಿ ಕೆಲಸ ಮೊದಲು, ಉಪದೇಶ ಅನಂತರ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ನಸುಕಿನ ನಾಲ್ಕಕ್ಕೆ ಏಳಬೇಕೆಂಬ ಪ್ರವಚನವನ್ನು ನಡುರಾತ್ರಿಯವರೆಗೆ ಮಲಗಿಕೊಂಡೇ ಮೊಬೈಲಿನಲ್ಲಿ ಕೇಳಿ, ಬೆಳಗಿನ ಎಂಟಕ್ಕೆ ಏಳುತ್ತೇವೆ. ಏಕೆ ಹೀಗಾಗುತ್ತದೆ? ಸಂಕಲ್ಪಕ್ಕೆ ತನ್ನದೇ ಆದ ಒಂದು ಸುಖವಿದೆ. ನಾಳೆಯಿಂದ ಬದಲಾಗುವೆನೆಂದು ನಿಶ್ಚಯಿಸಿದವನಿಗೆ ಇಂದೇ ಬದಲಾದಂತೆ ಹಿತವಾಗುತ್ತದೆ. ಫಲವನ್ನು ಮುಂಗಡವಾಗಿ ಉಂಡವನು ಉಳುವುದೇಕೆ? ಹೀಗೆ ಎಬ್ಬಿಸಬೇಕಾದ ಉಪದೇಶವೇ ಮೆತ್ತನೆಯ ಹಾಸಿಗೆಯಾಗುತ್ತದೆ. ಅದರ ಮೇಲೆ ಮಲಗಿದವನನ್ನು ಎಬ್ಬಿಸುವುದು ಕಷ್ಟ, ಏಕೆಂದರೆ ತಾನು ಎದ್ದಿದ್ದೇನೆಂದೇ ಅವನು ನಂಬಿರುತ್ತಾನೆ.

ಇದರಿಂದಾಗುವ ಇನ್ನೊಂದು ಕೇಡು ನಗುವಂಥದಲ್ಲ. ಕೋಳಿ ಕೂಗುವ ಮುನ್ನವೇ ಎದ್ದು ಅಡುಗೆ ಮಾಡಿಟ್ಟು, ಬಸ್ಸಿನಲ್ಲಿ ನಿಂತೇ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೂ, ಉದ್ಯೋಗ ದೊರೆಯದ ಯುವಕನಿಗೂ ಇದೇ ಉಪದೇಶವನ್ನು ಹಂಚಿದರೆ, ಬಡತನವೆಲ್ಲವೂ ಬಡವನ ಸೋಮಾರಿತನದ ಫಲವೆಂದಾಗುತ್ತದೆ. ಉಳ್ಳವನ ಆತ್ಮಸಾಕ್ಷಿಗೆ ಇದಕ್ಕಿಂತ ಸುಖವಾದ ನಿದ್ರೆಯ ಗುಳಿಗೆ ಇನ್ನೊಂದಿಲ್ಲ. ಸ್ಮೈಲ್ಸರು ಸಹ 1866ರ ಮುನ್ನುಡಿಯಲ್ಲಿ, ತಮ್ಮ ಗ್ರಂಥದ ಹೆಸರು ಸ್ವಾರ್ಥದ ಹೊಗಳಿಕೆಯೆಂಬ ಭ್ರಮೆಗೆ ಎಡೆಗೊಟ್ಟಿತೆಂದು ನೊಂದುಕೊಂಡರು. ಲೀಡ್ಸಿನ ಯುವಕರಲ್ಲಿದ್ದುದು ಪರಸ್ಪರ ಸಹಾಯ. ನಾಳೆ ಗೆಳೆಯನು ಪಾಟಿ ಹಿಡಿದು ಕಾಯುತ್ತಿರುವನೆಂಬ ಅರಿವು ನೂರು ಸೂಕ್ತಿಗಳಿಗಿಂತ ಬಲವಾಗಿ ಮನುಷ್ಯನನ್ನು ಎಬ್ಬಿಸಬಲ್ಲದು.

ಆದ್ದರಿಂದ ಆಲಸ್ಯವನ್ನು ಗೆಲ್ಲಬಯಸುವವನು ಹೊಸದೊಂದು ಗ್ರಂಥವನ್ನು ಕೊಳ್ಳುವ ಮೊದಲು, ತನ್ನನ್ನು ಕಾಯುತ್ತಿರುವವರು ಯಾರೆಂದು ನೋಡಲಿ. ಉತ್ತರ ಬರೆಯಬೇಕಾದ ಒಂದು ಕಾಗದವಿರಬಹುದು, ಕೇಳಿ ಬರಬೇಕಾದ ಒಬ್ಬ ರೋಗಿಯಿರಬಹುದು, ಲೆಕ್ಕ ತಿಳಿಯದೆ ಕುಳಿತ ನೆರೆಮನೆಯ ಮಗುವಿರಬಹುದು. ಇದೂ ಒಂದು ಉಪದೇಶವೇ ಆದುದರಿಂದ ಇದನ್ನು ಬೆಳೆಸುವುದು ಉಚಿತವಲ್ಲ. ಓದುಗರು ಪತ್ರಿಕೆಯನ್ನು ಮಡಿಸಿಟ್ಟು ಏಳಲಿ.