ಇಡುಗಂಟಿನ ವಿವೇಕ

ಒಮ್ಮೆಗೇ ಕೈಗೆ ಬಂದ ದೊಡ್ಡ ಮೊತ್ತವು ಮನುಷ್ಯನ ಸ್ವಭಾವವನ್ನು ಪರೀಕ್ಷಿಸುವಷ್ಟು ತಿಂಗಳ ಸಂಬಳವು ಪರೀಕ್ಷಿಸದು. ದಿನಸಿ ಅಂಗಡಿಯವನೂ ಬಾಡಿಗೆಯ ಯಜಮಾನನೂ ಮಕ್ಕಳ ಶಾಲೆಯೂ ಸಂಬಳದ ಗತಿಯನ್ನು ಮೊದಲೇ ನಿಶ್ಚಯಿಸಿರುತ್ತಾರೆ. ಆದರೆ ನಿವೃತ್ತಿಯ ದಿನ ದೊರೆತ ಇಡುಗಂಟು, ರಸ್ತೆಗೆ ಹೋದ ಹೊಲದ ಪರಿಹಾರದ್ರವ್ಯ, ಪಿತ್ರಾರ್ಜಿತವಾದ ಮನೆಯನ್ನು ಮಾರಿ ಬಂದ ಹಣ, ಇವುಗಳ ಗತಿಯನ್ನು ಒಡೆಯನೇ ಗೊತ್ತುಮಾಡಬೇಕು. ಆಗ ಅವನು ಬಂಧುಮಿತ್ರರನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಲ್ಲಿಟ್ಟರೆ ಭದ್ರ? ಪ್ರಶ್ನೆಯು ಸಾಧುವಾಗಿಯೇ ತೋರುತ್ತದೆ. ಆದರೆ ಭದ್ರತೆಯೆಂಬುದು ಇಡುವ ಸ್ಥಳದ ಗುಣವೇ ಹೊರತು ಇಡುವವನ ವಿಚಾರಕ್ಕೆ ಅದರಲ್ಲಿ ಪಾಲಿಲ್ಲವೆಂದು ಅದು ಮೊದಲೇ ಒಪ್ಪಿಕೊಂಡಿರುತ್ತದೆ.

ಸ್ಥಳದ ಹೆಸರನ್ನೇ ನಂಬಿದವರಿಗೆ ಮದರಾಸಿನ ಅರ್ಬತ್ನಾಟ್ ಕಂಪೆನಿಯು ಸಾಕಷ್ಟು ಪಾಠವನ್ನು ಕಲಿಸಿತು. ಆ ಹೆಸರಿಗಿಂತ ದೊಡ್ಡ ಹೆಸರು ದಕ್ಷಿಣದೇಶದಲ್ಲಿ ವಿರಳವಾಗಿತ್ತು. ಅಧಿಕಾರಿಗಳೂ ವಕೀಲರೂ ವಿಧವೆಯರೂ ತಮ್ಮ ಉಳಿತಾಯವನ್ನು ಅಲ್ಲಿ ಇಟ್ಟು ನಿಶ್ಚಿಂತರಾಗಿದ್ದರು. 1906ನೆಯ ಅಕ್ಟೋಬರ್ ತಿಂಗಳಲ್ಲಿ ಅದು ದಿವಾಳಿಯೆದ್ದಿತು. ಅದರ ಯಜಮಾನನು ಸೆರೆಮನೆಗೆ ಹೋದನು. ಹೆಸರು ಅಂದಿನ ತನಕ ದೊಡ್ಡದಾಗಿಯೇ ಇತ್ತು.

ಇದಕ್ಕಿಂತ ಸೂಕ್ಷ್ಮವಾದುದು ಅಮೆರಿಕದ ಬಾಸ್ಟನ್ ನಗರದ ಒಂದು ವ್ಯಾಜ್ಯ. 1823ರಲ್ಲಿ ತೀರಿಕೊಂಡ ಜಾನ್ ಮೆಕ್ಲೀನ್ ಎಂಬ ವರ್ತಕನು 50,000 ಡಾಲರುಗಳನ್ನು ಇಬ್ಬರು ಟ್ರಸ್ಟಿಗಳ ವಶಕ್ಕೆ ಕೊಡುವಂತೆ ಮರಣಶಾಸನವನ್ನು ಬರೆದಿದ್ದನು. ಆ ಹಣದ ಉತ್ಪತ್ತಿಯು ಹೆಂಡತಿಗೆ ಅವಳು ಇರುವ ತನಕ ಸಲ್ಲತಕ್ಕದ್ದು. ಆಮೇಲೆ ಮೂಲಧನವು ಹಾರ್ವರ್ಡ್ ಕಾಲೇಜಿಗೂ ಒಂದು ದೊಡ್ಡ ಆಸ್ಪತ್ರೆಗೂ ಸಮಭಾಗವಾಗಿ ಸೇರತಕ್ಕದ್ದು. ಟ್ರಸ್ಟಿಗಳು ಹಣದ ಬಹುಭಾಗವನ್ನು ಹತ್ತಿಯ ಗಿರಣಿಗಳ ಮತ್ತು ವಿಮಾ ಕಂಪೆನಿಗಳ ಷೇರುಗಳಲ್ಲಿ ತೊಡಗಿಸಿದರು. ಆಕೆಗೆ ಒಳ್ಳೆಯ ವರಮಾನವೇನೋ ಬಂದಿತು. ಆದರೆ 1828ರಲ್ಲಿ ಲೆಕ್ಕವನ್ನು ಒಪ್ಪಿಸುವ ಹೊತ್ತಿಗೆ ಮೂಲಧನದ ಬೆಲೆಯು ಸುಮಾರು 29,000 ಡಾಲರುಗಳಿಗೆ ಇಳಿದಿತ್ತು. ಕಾಲೇಜಿನವರೂ ಆಸ್ಪತ್ರೆಯವರೂ ನಷ್ಟವನ್ನು ಟ್ರಸ್ಟಿಯು ತುಂಬಿಕೊಡಬೇಕೆಂದು ನ್ಯಾಯಸ್ಥಾನವನ್ನು ಹೊಕ್ಕರು.

1830ರಲ್ಲಿ ನ್ಯಾಯಾಧೀಶ ಸ್ಯಾಮ್ಯುಯೆಲ್ ಪಟ್ನಮ್ ಅವರು ಟ್ರಸ್ಟಿಯು ನಿರ್ದೋಷಿಯೆಂದು ತೀರ್ಪಿತ್ತರು. ಏನನ್ನು ಮಾಡಿದರೂ ಮೂಲಧನವು ಅಪಾಯಕ್ಕೆ ಹೊರತಲ್ಲ. ವಿವೇಕಿಗಳು ಸಟ್ಟಾವ್ಯಾಪಾರದ ಆಸೆಯಿಲ್ಲದೆ, ವರಮಾನವನ್ನೂ ಮೂಲದ ರಕ್ಷಣೆಯನ್ನೂ ಕೂಡಿಯೇ ಎಣಿಸಿ, ತಮ್ಮ ಸ್ವಂತ ಹಣವನ್ನು ಹೇಗೆ ನೋಡಿಕೊಳ್ಳುವರೋ ಹಾಗೆ ಪ್ರಾಮಾಣಿಕವಾಗಿ ನಡೆದುಕೊಂಡರೆ ಸಾಕು ಎಂಬುದು ಆ ತೀರ್ಪಿನ ಸಾರ. ಕರ್ಮವನ್ನು ಫಲದಿಂದ ಬೇರ್ಪಡಿಸಿ ತೂಗುವ ಈ ಮಾತು ಇಂಡಿಯಾದವರ ಕಿವಿಗೆ ಹೊಸತೇನೂ ಅಲ್ಲ. ಆದರೂ ಆಸ್ಪತ್ರೆಯ ಪರವಾಗಿ ಒಂದು ಆಕ್ಷೇಪವು ಉಳಿಯುತ್ತದೆ. ಟ್ರಸ್ಟಿಯ ಮನಸ್ಸು ಶುದ್ಧವಾಗಿತ್ತೆಂಬುದರಿಂದ ರೋಗಿಗೆ ಒಂದು ಹಾಸಿಗೆಯೂ ಹೆಚ್ಚಲಿಲ್ಲ. ಅಪಾಯದ ವರಮಾನವನ್ನು ಒಬ್ಬರು ಉಂಡು, ನಷ್ಟವು ಇನ್ನೊಬ್ಬರ ಪಾಲಿಗೆ ಬಂದಿತು. ದೋಷವಿಲ್ಲವೆಂದು ಹೇಳುವುದು ಸುಲಭ; ಅನ್ಯಾಯವೇ ಇಲ್ಲವೆಂದು ಹೇಳುವುದು ಅಷ್ಟು ಸುಲಭವಲ್ಲ.

ಹಾಗಾದರೆ ಷೇರುಗಳ ಗೊಡವೆಯೇ ಬೇಡ, ಸರಕಾರದ ಸಾಲಪತ್ರಗಳೇ ಲೇಸು ಎನ್ನುವವರು ಆಲ್ಫ್ರೆಡ್ ನೊಬೆಲನ ನಿಧಿಯ ಚರಿತ್ರೆಯನ್ನು ನೋಡಬೇಕು. 1895ರ ತನ್ನ ಮರಣಶಾಸನದಲ್ಲಿ ಆತನು ಆಸ್ತಿಯನ್ನೆಲ್ಲ ಭದ್ರವಾದ ಪತ್ರಗಳಲ್ಲಿ ತೊಡಗಿಸಿ, ಬಡ್ಡಿಯಿಂದ ಬಹುಮಾನಗಳನ್ನು ಕೊಡಬೇಕೆಂದು ವಿಧಿಸಿದನು. ಆಸ್ತಿಯು ಸುಮಾರು 3 ಕೋಟಿ 10 ಲಕ್ಷ ಸ್ವೀಡಿಷ್ ಕ್ರೋನರುಗಳಷ್ಟಿತ್ತು. ಭದ್ರವೆಂದರೆ ಸಾಲಪತ್ರ ಮತ್ತು ಅಡಮಾನದ ಸಾಲ ಎಂದು ಅಂದಿನ ಹಿರಿಯರು ಅರ್ಥಮಾಡಿಕೊಂಡರು. 1901ರಲ್ಲಿ ಒಂದೊಂದು ಬಹುಮಾನವೂ 1,50,782 ಕ್ರೋನರು. 1923ರಲ್ಲಿ ಅದು 1,14,935ಕ್ಕೆ ಇಳಿಯಿತು. ಇದು ಬರಿಯ ಅಂಕಿಯ ಇಳಿತ. ಯುದ್ಧಕಾಲದಲ್ಲಿ ಏರಿದ ಬೆಲೆಗಳನ್ನು ಎಣಿಸಿದರೆ ನಷ್ಟವು ಇನ್ನೂ ದೊಡ್ಡದು. ಸಾಲದುದಕ್ಕೆ ತೆರಿಗೆಯ ಭಾರವೂ ಇತ್ತು. 1946ರಲ್ಲಿ ತೆರಿಗೆಯು ಬಿಟ್ಟಿತು. 1953ರಲ್ಲಿ ಷೇರುಗಳಲ್ಲಿಯೂ ಸ್ಥಿರಾಸ್ತಿಯಲ್ಲಿಯೂ ಹಣ ಹೂಡಲು ಅನುಮತಿ ದೊರೆಯಿತು. ಬಹುಮಾನವು ತನ್ನ ಮೊದಲ ಬೆಲೆಯನ್ನು ಮರಳಿ ಮುಟ್ಟಿದುದು 1991ರಲ್ಲಿ. ಕಳ್ಳನು ಬಾರದೆ, ಕಂಪೆನಿ ಮುಳುಗದೆ, ಬಡ್ಡಿ ತಪ್ಪದೆ ನಡೆದ ಈ ಸವೆತವನ್ನು ಯಾರೂ ದಿವಾಳಿಯೆಂದು ಕರೆಯಲಿಲ್ಲ.

ಇಂಡಿಯಾದಲ್ಲಿ 1882ರ ಟ್ರಸ್ಟು ಕಾಯಿದೆಯು ಹಣ ತೊಡಗಿಸಬಹುದಾದ ಪತ್ರಗಳ ಪಟ್ಟಿಯನ್ನೇ ಕೊಟ್ಟಿತ್ತು. 2016ರ ತಿದ್ದುಪಡಿಯಲ್ಲಿ ಆ ಹಳೆಯ ಪಟ್ಟಿಯು ಹೋಯಿತು. ಬ್ಯಾಂಕಿನ ಠೇವಣಿಗೆ ವಿಮೆಯುಂಟು; ಆದರೆ 2020ರಿಂದ ಅದರ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿ. ಪಟ್ಟಿಯೂ ಮಿತಿಯೂ ಬೇಕಾದುವೇ. ಅವು ಎಚ್ಚರಿಕೆಗೆ ಸಹಾಯಕಗಳೇ ಹೊರತು ವಿಚಾರಕ್ಕೆ ಬದಲಿಯಲ್ಲ.

ವಿಚಾರವೆಂದರೆ ಯಾವುದು? ಈ ಹಣವು ಯಾರಿಗೆ, ಯಾವಾಗ ಬೇಕು ಎಂಬುದೇ. ಬರುವ ವೈಶಾಖದಲ್ಲಿ ಮಗಳ ಮದುವೆಗೆ ಬೇಕಾದ ದ್ರವ್ಯವನ್ನು ಷೇರುಪೇಟೆಗೆ ಕಳುಹಿಸುವವನೂ, ಇಪ್ಪತ್ತೈದು ವರ್ಷಗಳ ಮೇಲೆ ಮೊಮ್ಮಗನಿಗೆ ಸಲ್ಲಬೇಕಾದುದನ್ನು ಅಲ್ಪ ಬಡ್ಡಿಯ ಠೇವಣಿಯಲ್ಲಿ ಮಲಗಿಸುವವನೂ ಒಂದೇ ತಪ್ಪನ್ನು ಮಾಡುತ್ತಾರೆ. ಮೊದಲನೆಯವನನ್ನು ಲೋಕವು ಲೋಭಿಯೆನ್ನುತ್ತದೆ, ಎರಡನೆಯವನನ್ನು ಜಾಣನೆನ್ನುತ್ತದೆ. ಔಷಧಕ್ಕೆಂದು ಎತ್ತಿಟ್ಟದ್ದು, ನಿತ್ಯದ ಊಟಕ್ಕೆ ಆಧಾರವಾದದ್ದು, ತನ್ನ ಕಾಲದ ಅನಂತರ ಉಳಿಯಬೇಕಾದದ್ದು, ಈ ಮೂರಕ್ಕೂ ಒಂದೇ ಪೆಟ್ಟಿಗೆಯು ಭದ್ರವಾಗಲಾರದು.

ಇಲ್ಲಿ ಬಾಸ್ಟನ್ನಿನ ಆಸ್ಪತ್ರೆಯ ಆಕ್ಷೇಪವು ಮನೆಯೊಳಕ್ಕೇ ಬರುತ್ತದೆ. ತನ್ನ ಹಣವೆಂದು ಯಜಮಾನನು ಹೇಳುವುದರಲ್ಲಿ ಬಹುಪಾಲಿನ ನಷ್ಟವನ್ನು ಹೊರುವವರು ಬೇರೆಯವರು: ಅವನಿಗಿಂತ ಹೆಚ್ಚು ಕಾಲ ಬದುಕಿರಬಹುದಾದ ಹೆಂಡತಿ, ಓದನ್ನು ನಡುವೆ ನಿಲ್ಲಿಸಬೇಕಾಗಬಹುದಾದ ಮಗ. ಮೆಕ್ಲೀನನ ಆಸ್ಪತ್ರೆಯು ಅವರಂತೆಯೇ ಅಪಾಯವನ್ನು ತಾನು ಆರಿಸಿಕೊಳ್ಳಲಿಲ್ಲ. ಆದರೆ ಮರಣಶಾಸನವನ್ನು ಓದಿ, ಲೆಕ್ಕವನ್ನು ಕೇಳಿ, ನ್ಯಾಯಸ್ಥಾನದಲ್ಲಿ ನಿಲ್ಲುವ ಅವಕಾಶವು ಅದಕ್ಕಾದರೂ ಇತ್ತು. ಎಷ್ಟೋ ಮನೆಗಳಲ್ಲಿ ಪತ್ರಗಳು ಯಾವ ಬೀರುವಿನಲ್ಲಿವೆಯೆಂಬುದು ಕೂಡ ಹೆಂಡತಿಗೆ ತಿಳಿಯುವುದು ಗಂಡನ ಹದಿಮೂರನೆಯ ದಿನ ಕಳೆದಮೇಲೆ.