"ಎಲ್ಲಾ ಕರ್ಮ" ಎನ್ನುವ ಮುನ್ನ

"ಕರ್ಮ" ಎಂಬ ಮಾತು ನಮ್ಮ ನಾಲಗೆಯ ಮೇಲೆ ಬಹಳ ಸಲೀಸಾಗಿ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ "ನಮ್ಮ ಕರ್ಮ". ಮಗ ಮಾತು ಕೇಳದಿದ್ದರೆ "ಎಲ್ಲಾ ಪ್ರಾರಬ್ಧ". ಬೇಸರಕ್ಕೆ ಆಡುವ ಇಂಥ ಮಾತಿನಿಂದ ಯಾರಿಗೂ ನಷ್ಟವಿಲ್ಲ. ಆದರೆ ಅಮೆರಿಕದಲ್ಲೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳು ಶಾಲೆಯಿಂದ ಬಂದು "ಕರ್ಮ ಅಂದರೇನಪ್ಪಾ?" ಎಂದು ಕೇಳಿದಾಗ ನಾವು ಕೊಡುವ ಉತ್ತರವೂ ಅಷ್ಟೇ ಚಿಕ್ಕದು: ಮಾಡಿದ್ದುಣ್ಣೋ ಮಹರಾಯ! ಮಗು ತಲೆಯಾಡಿಸಿ ಹೋಗುತ್ತದೆ. ಮರುದಿನ ಅದೇ ಮಗು, "ಹಾಗಾದರೆ ಹುಟ್ಟಿನಿಂದಲೇ ಕಣ್ಣು ಕಾಣದವರು ಏನೋ ತಪ್ಪು ಮಾಡಿದ್ದಾರೆ ಅಂತಲೇ?" ಎಂದು ಕೇಳಿದರೆ ಏನು ಹೇಳೋಣ?

ತೊಡಕು ಇರುವುದು ಇಲ್ಲಿಯೇ. "ಮಾಡಿದರೆ ಉಣ್ಣಬೇಕಾಗುತ್ತದೆ" ಎಂಬುದು ಮಾಡುವವನಿಗೆ ಕೊಟ್ಟ ಎಚ್ಚರಿಕೆ. ಅದನ್ನೇ ತಿರುಗಿಸಿ "ಉಣ್ಣುತ್ತಿದ್ದಾನೆಂದರೆ ಮಾಡಿರಲೇಬೇಕು" ಎಂದರೆ ಅದು ನರಳುವವನ ಮೇಲೆ ಹೊರಿಸಿದ ಅಪವಾದ. ಮಳೆ ಬಂದರೆ ಅಂಗಳ ಒದ್ದೆಯಾಗುವುದು ನಿಜ. ಆದರೆ ಅಂಗಳ ಒದ್ದೆಯಾಗಿದೆ ಎಂದ ಮಾತ್ರಕ್ಕೆ ಮಳೆಯೇ ಬಂದಿರಬೇಕಾಗಿಲ್ಲ; ಮನೆಯಾಕೆ ರಂಗೋಲಿ ಹಾಕಲು ನೀರು ಚಿಮುಕಿಸಿರಬಹುದು.

ನಮ್ಮ ಹಿರಿಯರು ಈ ವಿಷಯವನ್ನು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಧರ್ಮರಾಯನೊಡನೆ ವಾದಿಸುವ ಪ್ರಸಂಗವಿದೆ. ಆಕೆ ಪೂರ್ವಕರ್ಮವನ್ನು ಅಲ್ಲಗಳೆಯುವುದಿಲ್ಲ. ಆದರೆ ಫಲ ಸಿಗುವುದರಲ್ಲಿ ದೈವದ ಪಾಲುಂಟು, ಆಕಸ್ಮಿಕದ ಪಾಲುಂಟು, ಮನುಷ್ಯಪ್ರಯತ್ನದ ಪಾಲುಂಟು ಎನ್ನುತ್ತಾಳೆ. ಅದಕ್ಕೆ ರೈತನ ಉದಾಹರಣೆ ಕೊಡುತ್ತಾಳೆ. ರೈತ ಉಳುತ್ತಾನೆ, ಬಿತ್ತುತ್ತಾನೆ, ಆಮೇಲೆ ಸುಮ್ಮನೆ ಕಾಯುತ್ತಾನೆ. ಮಳೆ ಕೈಕೊಟ್ಟರೆ ಅದು ಅವನ ತಪ್ಪಲ್ಲ. ಭಗವದ್ಗೀತೆಯ 18ನೆಯ ಅಧ್ಯಾಯವೂ ಯಾವುದೇ ಕಾರ್ಯಕ್ಕೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು 5 ಕಾರಣಗಳನ್ನು ಎಣಿಸುತ್ತದೆ. ತಾನೊಬ್ಬನೇ ಕರ್ತೃವೆಂದು ತಿಳಿಯುವವನು ಸರಿಯಾಗಿ ಕಂಡಿಲ್ಲ ಎನ್ನುತ್ತದೆ.

ಬುದ್ಧನ ಮಾತು ಇನ್ನೂ ನೇರವಾದದ್ದು. ಮನುಷ್ಯನ ಸುಖದುಃಖಗಳೆಲ್ಲ ಹಿಂದಿನ ಕರ್ಮದಿಂದಲೇ ಬರುತ್ತವೆಂದು ಕೆಲವರು ಹೇಳುತ್ತಾರಲ್ಲ, ಅದು ನಿಜವೇ ಎಂದು ಸೀವಕನೆಂಬ ಪರಿವ್ರಾಜಕ ಅವನನ್ನು ಕೇಳಿದ ಕಥೆ ಸಂಯುತ್ತ ನಿಕಾಯದಲ್ಲಿದೆ. ಬುದ್ಧ 8 ಕಾರಣಗಳನ್ನು ಹೇಳುತ್ತಾನೆ: ಪಿತ್ತ, ಕಫ, ವಾತ, ಈ ಮೂರೂ ಕೂಡಿದ ಸನ್ನಿಪಾತ, ಋತುವಿನ ಬದಲಾವಣೆ, ಅಜಾಗರೂಕ ನಡವಳಿಕೆ, ಇತರರಿಂದಾದ ಪೆಟ್ಟು, ಕೊನೆಗೆ ಕರ್ಮವಿಪಾಕ. ಎಂಟರಲ್ಲಿ ಕರ್ಮವೂ ಒಂದು! ಎಲ್ಲಕ್ಕೂ ಪೂರ್ವಕರ್ಮವೇ ಮೂಲವೆಂದು ವಾದಿಸಿದ ವಿದ್ವಾಂಸರೂ ನಮ್ಮ ನಾಡಿನಲ್ಲಿ ಆಗಿಹೋಗಿದ್ದಾರೆ. ಅದು ಸಾವಿರಾರು ವರ್ಷ ನಡೆದ ಚರ್ಚೆ. ಅದನ್ನು ಒಂದೇ ಗಾದೆಯಲ್ಲಿ ಮುಗಿಸಿಬಿಟ್ಟರೆ ಮಕ್ಕಳಿಗೆ ಚರ್ಚೆ ನಡೆದದ್ದೇ ತಿಳಿಯುವುದಿಲ್ಲ.

ದೊಡ್ಡವರಿಗೂ ಈ ಸೆಳೆತ ತಪ್ಪಿದ್ದಲ್ಲ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳಲ್ಲಿ ಭಾರೀ ಭೂಕಂಪವಾಗಿ 10,000ಕ್ಕೂ ಹೆಚ್ಚು ಜನ ಸತ್ತರು. ಆಗ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯ ವಿಷಯದಲ್ಲಿ ಅವರ ಪಕ್ಷವನ್ನೇ ಹಿಡಿದಿದ್ದ ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಭೂಕಂಪಕ್ಕೆ ಭೌತಿಕ ಕಾರಣಗಳಿವೆ. ಇದೇ ತರ್ಕವನ್ನು ಹಿಡಿದು ಸಂಪ್ರದಾಯಸ್ಥರು ಗಾಂಧಿಯ ಚಳವಳಿಯಿಂದಲೇ ಭೂಮಿ ನಡುಗಿತೆಂದೂ ಹೇಳಬಹುದಲ್ಲ ಎಂದು ಬರೆದರು. ಗಾಂಧೀಜಿ ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಆದರೆ ಠಾಕೂರರ ಆಕ್ಷೇಪವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚುಹಾಕಿಸಿ, ಅದಕ್ಕೆ ಉತ್ತರ ಬರೆದರು. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಕಾರಣವನ್ನು ಒಂದಕ್ಕೇ ಇಳಿಸಿದರೆ ಸತ್ತವರ ಮೇಲೆ ಪಾಪದ ನೆರಳು ಬೀಳುತ್ತದೆ. ಬಿಹಾರದಲ್ಲಿ ಗೋಡೆ ಬಿದ್ದು ಸತ್ತವರಲ್ಲಿ ಮುಟ್ಟಬಾರದೆಂದು ದೂರವಿಟ್ಟವರೂ ಇದ್ದಿರಲಾರರೇ?

ಹಾಗಾದರೆ ಸರಳವಾಗಿ ಏನನ್ನೂ ಹೇಳಲೇಬಾರದೇ? ಹಾಗಲ್ಲ. ಕನ್ನಡ ಕಲಿಯುವ ಮಗುವಿಗೆ ಮೊದಲ ದಿನವೇ ಕೇಶಿರಾಜನ ವ್ಯಾಕರಣ ಹೇಳುವುದುಂಟೇ? ಅ, ಆ, ಇ, ಈ ಇಂದಲೇ ಶುರು. ಆದರೆ ಅಲ್ಲಿಗೇ ಭಾಷೆ ಮುಗಿಯಿತೆಂದು ಯಾರೂ ಹೇಳುವುದಿಲ್ಲ. ಮುಂದಿನ ಪ್ರಶ್ನೆಗೆ ಜಾಗ ಬಿಡುವ ಸರಳತೆ ಒಳ್ಳೆಯದು. ಮುಂದಿನ ಪ್ರಶ್ನೆಯ ಬಾಯಿ ಮುಚ್ಚಿಸುವ ಸರಳತೆಯ ಬಗ್ಗೆ ಎಚ್ಚರ ಬೇಕು. ಅದರಿಂದ ಯಾರಿಗೆ ಅನುಕೂಲ ಎಂಬುದನ್ನೂ ನೋಡಬೇಕು. "ಅವನ ಕರ್ಮ, ಅವನು ಅನುಭವಿಸುತ್ತಾನೆ" ಎಂದಾಗ ಅನುಕೂಲವಾಗುವುದು ಹೇಳಿದವರಿಗೇ. ಎದ್ದು ಹೋಗಿ ಸಹಾಯ ಮಾಡುವ ಶ್ರಮ ತಪ್ಪುತ್ತದೆ. ಸಂಘದ ಯಾವುದೋ ಕುಟುಂಬದ ಯಜಮಾನರಿಗೆ ಕೆಲಸ ಹೋದಾಗ, ಯಾರದೋ ಮನೆಯಲ್ಲಿ ಕಾಯಿಲೆ ಬಂದಾಗ, ನಮ್ಮ ಊಟದ ಮೇಜುಗಳಲ್ಲಿ ಏನು ಮಾತು ನಡೆಯುತ್ತದೆ? ಅದನ್ನು ಮಕ್ಕಳೂ ಕೇಳಿಸಿಕೊಳ್ಳುತ್ತಾರೆ.

ಭಾರತೀಯರೆಲ್ಲ ಹಣೆಬರಹಕ್ಕೆ ಜೋತುಬಿದ್ದವರು ಎಂದು ಇಲ್ಲಿಯವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಾಗ ನಮಗೆ ನೋವಾಗುತ್ತದೆ. ಆಗಬೇಕಾದದ್ದೇ. ಆದರೆ ಆ ಒಂದು ಮಾತನ್ನು ಅವರ ಕೈಗೆ ಕೊಟ್ಟವರಲ್ಲಿ ನಾವೂ ಸೇರಿಲ್ಲವೇ? ಕರ್ಮದ ಲೆಕ್ಕವನ್ನು ನಮ್ಮ ನಡತೆಗೆ ಹಚ್ಚಿಕೊಳ್ಳೋಣ. ಪರರ ಕಷ್ಟಕ್ಕೆ ಹಚ್ಚುವುದು ಬೇಡ. ಮಕ್ಕಳು ಕೇಳಿದಾಗ ಗಾದೆ ಹೇಳೋಣ. ಜೊತೆಗೆ ದ್ರೌಪದಿ ಹೇಳಿದ ರೈತನ ಕಥೆಯನ್ನೂ ಹೇಳೋಣ. ಉತ್ತು ಬಿತ್ತಿದವನ ಹೊಲ ಒಣಗಿದರೆ ಅವನನ್ನು ದೂರಬಾರದು, ಅವನ ಮನೆಗೆ ಒಂದು ಹಿಡಿ ಅಕ್ಕಿ ಕಳಿಸಬೇಕು ಎಂಬುದು ಮಕ್ಕಳಿಗೆ ಬಹು ಬೇಗ ಅರ್ಥವಾಗುತ್ತದೆ.