ಸೋಲಿನ ಮರುದಿನದ ನ್ಯಾಯ

ಸೋತ ಪಂದ್ಯವೊಂದು ಮುಗಿದೊಡನೆ ಅದರ ಬೆನ್ನಿಗೇ ಮತ್ತೊಂದು ಪಂದ್ಯ ಆರಂಭವಾಗುತ್ತದೆ. ಅದಕ್ಕೆ ಅಂಗಳ ಬೇಡ, ಚೆಂಡು ಬೇಡ, ಗಡಿಯಾರವಂತೂ ಬೇಡವೇ ಬೇಡ. ಸೋತ ತಂಡದ ಅಭಿಮಾನಿಗಳೇ ಎರಡು ಪಾಳಯವಾಗಿ ನಿಂತು, ಯಾರನ್ನು ಆಡಿಸಬೇಕಾಗಿತ್ತು, ಯಾರನ್ನು ಕೂರಿಸಬೇಕಾಗಿತ್ತು ಎಂದು ವಾದಕ್ಕಿಳಿಯುತ್ತಾರೆ. ಅಲ್ಲಿ ತರಬೇತುದಾರನೇ ಆಪಾದಿತ. ತನ್ನ ಪರವಾಗಿ ಮಾತನಾಡಲು ಅವನು ಅಲ್ಲಿರುವುದಿಲ್ಲ. ಇದನ್ನು ಬರಿಯ ಕಾಡುಹರಟೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಆ ವಾದದ ಒಡಲಲ್ಲಿ ನಮ್ಮೆಲ್ಲರಿಗೂ ಸಂಬಂಧಿಸಿದ ಪ್ರಶ್ನೆಯೊಂದು ಅಡಗಿದೆ: ಮನುಷ್ಯನೊಬ್ಬನು ಮಾಡಿದ ತೀರ್ಮಾನವನ್ನು ಅದರಿಂದ ಒದಗಿದ ಫಲದ ಮೂಲಕವೇ ಅಳೆಯುವುದು ನ್ಯಾಯವೇ?

ಈ ಪ್ರಶ್ನೆಯನ್ನು ಬಿಡಿಸಿ ನೋಡಲು ಬಾಸ್ಕೆಟ್‌ಬಾಲ್ ಲೋಕದಲ್ಲಿ ಇಂದಿಗೂ ಚರ್ಚೆಗೊಳಗಾಗುತ್ತಿರುವ ಒಂದು ರಾತ್ರಿಯನ್ನು ಆರಿಸಿಕೊಳ್ಳೋಣ. 2013ರ ಜೂನ್ 18. ಅಮೆರಿಕದ ಮಯಾಮಿ ನಗರದಲ್ಲಿ ಎನ್‌ಬಿಎ ಅಂತಿಮ ಸರಣಿಯ ಆರನೆಯ ಪಂದ್ಯ ನಡೆಯುತ್ತಿತ್ತು. ಏಳು ಪಂದ್ಯಗಳ ಸರಣಿಯಲ್ಲಿ ಮೊದಲು ನಾಲ್ಕನ್ನು ಗೆದ್ದವರಿಗೆ ಪ್ರಶಸ್ತಿ. ಟೆಕ್ಸಾಸ್ ರಾಜ್ಯದ ಸ್ಯಾನ್ ಅಂಟೋನಿಯೊ ಸ್ಪರ್ಸ್ ತಂಡ ಆಗಲೇ ಮೂರನ್ನು ಗೆದ್ದಿತ್ತು. ಆತಿಥೇಯ ಮಯಾಮಿ ಹೀಟ್ ಎರಡನ್ನು. ಪಂದ್ಯ ಮುಗಿಯಲು 28.2 ಸೆಕೆಂಡುಗಳು ಉಳಿದಿದ್ದಾಗ ಸ್ಪರ್ಸ್ 94–89ರಿಂದ ಮುಂದಿತ್ತು. ಪ್ರಶಸ್ತಿ ಪ್ರದಾನಕ್ಕೆಂದು ಅಂಗಳದ ಸುತ್ತ ಹಳದಿ ಹಗ್ಗವನ್ನು ಹಿಡಿದು ಸಿಬ್ಬಂದಿ ಸಿದ್ಧರಾಗಿದ್ದರು. ಮಯಾಮಿಯ ಕೆಲವು ಅಭಿಮಾನಿಗಳು ಆಸೆ ಬಿಟ್ಟು ಎದ್ದು ಹೊರನಡೆದಿದ್ದರು.

ಆಗ ಸ್ಪರ್ಸ್ ತರಬೇತುದಾರ ಗ್ರೆಗ್ ಪೊಪೊವಿಚ್ ಒಂದು ಬದಲಾವಣೆ ಮಾಡಿದರು. ಆ ರಾತ್ರಿ 30 ಅಂಕಗಳನ್ನು ಗಳಿಸಿದ, 17 ರಿಬೌಂಡ್‌ಗಳನ್ನು ಹಿಡಿದ ತಮ್ಮ ಹಿರಿಯ ಆಟಗಾರ ಟಿಮ್ ಡಂಕನ್‌ರನ್ನು ಬೆಂಚಿಗೆ ಕರೆಸಿಕೊಂಡು, ಬೋರಿಸ್ ಡಿಯಾವ್‌ರನ್ನು ರಕ್ಷಣೆಗೆ ಇಳಿಸಿದರು. ಮಯಾಮಿಯ ಲೆಬ್ರಾನ್ ಜೇಮ್ಸ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬೀಳಲಿಲ್ಲ. ಆದರೆ ಪುಟಿದ ಚೆಂಡು ಮತ್ತೆ ಮಯಾಮಿಯವರ ಕೈಗೇ ಸಿಕ್ಕಿತು. ಎರಡನೆಯ ಎಸೆತದಲ್ಲಿ ಜೇಮ್ಸ್ ಮೂರು ಅಂಕ ಗಳಿಸಿದರು. ಬಳಿಕ ಸ್ಪರ್ಸ್‌ನ ಕವಾಯ್ ಲೆನಾರ್ಡ್ ತಮಗೆ ದೊರೆತ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ಮಾತ್ರ ಹಾಕಿದರು. 95–92. ಮತ್ತೆ ರಕ್ಷಣೆಯ ಸರದಿ, ಮತ್ತೆ ಡಂಕನ್ ಬೆಂಚಿನ ಮೇಲೆ. ಜೇಮ್ಸ್ ಮತ್ತೊಮ್ಮೆ ಗುರಿ ತಪ್ಪಿದರು. ಡಂಕನ್‌ರಷ್ಟೇ ಎತ್ತರದ ಕ್ರಿಸ್ ಬಾಷ್ ಆ ಚೆಂಡನ್ನು ಹಿಡಿದು, ಬಲ ಮೂಲೆಗೆ ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದ ರೇ ಅಲೆನ್‌ಗೆ ಕೊಟ್ಟರು. ಎನ್‌ಬಿಎ ಚರಿತ್ರೆಯಲ್ಲಿ ಅದುವರೆಗೆ ಅತಿ ಹೆಚ್ಚು ಮೂರಂಕದ ಎಸೆತಗಳನ್ನು ಬುಟ್ಟಿಗೆ ಹಾಕಿದ್ದವರು ಅವರೇ. 5.2 ಸೆಕೆಂಡುಗಳು ಉಳಿದಿದ್ದವು, ಅಂಕ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಮಯಾಮಿ 103–100ರಿಂದ ಗೆದ್ದಿತು. ಎರಡು ದಿನಗಳ ನಂತರ ಏಳನೆಯ ಪಂದ್ಯವನ್ನೂ 95–88ರಿಂದ ಗೆದ್ದು ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು.

ಸ್ಪರ್ಸ್ ಅಭಿಮಾನಿಗಳ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ. 17 ಸಲ ಚೆಂಡು ಹಿಡಿದವನನ್ನು ಚೆಂಡು ಹಿಡಿಯಲೇಬೇಕಾದ ಗಳಿಗೆಯಲ್ಲಿ ಕೂರಿಸುವುದೇ? ಮೂರು ಅಂಕಗಳ ಮುನ್ನಡೆಯಿರುವಾಗ ಬೇಕೆಂದೇ ಫೌಲ್ ಮಾಡಿ, ಎದುರಾಳಿಗೆ ಎರಡು ಫ್ರೀ ಥ್ರೋಗಳನ್ನಷ್ಟೇ ಬಿಟ್ಟುಕೊಡಬಹುದಿತ್ತಲ್ಲವೇ? ಈ ಎರಡು ಪ್ರಶ್ನೆಗಳ ಸುತ್ತ ವಾದ ವರ್ಷಗಟ್ಟಲೆ ಬೆಳೆಯಿತು.

ಪೊಪೊವಿಚ್ ಅವರ ಲೆಕ್ಕಾಚಾರ ಆಟ ಬಲ್ಲವರಿಗೆ ಅರ್ಥವಾಗದ್ದೇನಲ್ಲ. ಐದು ಅಂಕ ಹಿಂದಿರುವ ತಂಡಕ್ಕೆ ಅರ್ಧ ನಿಮಿಷದಲ್ಲಿ ಬೇಕಾದುದು ಮೂರಂಕದ ಎಸೆತಗಳು. ಅವನ್ನು ತಡೆಯಲು ಗೆರೆಯಾಚೆ ಓಡಾಡುವ ಎದುರಾಳಿಗಳನ್ನು ಬೆನ್ನಟ್ಟಬಲ್ಲ ಚುರುಕು ಕಾಲುಗಳು ಬೇಕು. ಡಂಕನ್‌ಗೆ ಆಗ 37 ವರ್ಷ. ಡಿಯಾವ್ ಅವರಿಗಿಂತ ಗಿಡ್ಡ; ಆದರೆ ಹೊರವಲಯದಲ್ಲಿ ಯಾರ ಎದುರಿಗಾದರೂ ನಿಲ್ಲಬಲ್ಲವರು. ಆ ರಕ್ಷಣೆ ಒಂದರ್ಥದಲ್ಲಿ ಫಲಿಸಿತು ಕೂಡ: ಎರಡೂ ಸಲ ಜೇಮ್ಸ್ ಅವರ ಮೊದಲ ಎಸೆತ ಗುರಿ ತಪ್ಪಿತು. ತಪ್ಪಿದ ಚೆಂಡು ಎಲ್ಲಿಗೆ ಪುಟಿದೀತೆಂಬುದನ್ನು ಮಾತ್ರ ಯಾರೂ ಮೊದಲೇ ಬರೆದಿಟ್ಟಿರಲಿಲ್ಲ.

ಡಂಕನ್‌ರನ್ನು ಉಳಿಸಿಕೊಂಡಿದ್ದರೆ? ಅವರನ್ನು ದಾಟಿ ಯಾರಾದರೂ ಮೂರು ಅಂಕ ಗಳಿಸಿದ್ದರೆ? ‘ಮೂವತ್ತೇಳರ ಕಾಲುಗಳನ್ನು ನಂಬಿ ಪ್ರಶಸ್ತಿ ಕಳೆದುಕೊಂಡರು’ ಎಂದು ಅದೇ ಬಾಯಿಗಳು ಅಷ್ಟೇ ಖಚಿತವಾಗಿ ಹೇಳುತ್ತಿದ್ದವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ನಂಟು ಕಟ್ಟುವುದರಲ್ಲಿ ನಾವು ನಿಪುಣರು. ಅದಿರಲಿ, ಮುರಿಯದ ಕೊಂಬೆಯ ಮೇಲೆ ಕೂತ ಕಾಗೆಗಳನ್ನು ಎಣಿಸಿದವರು ಯಾರು? ಆ ಋತುವಿನಲ್ಲಿ ತರಬೇತುದಾರನ ಲೆಕ್ಕಾಚಾರ ಕೈಗೂಡಿದ ಎಷ್ಟೋ ರಾತ್ರಿಗಳು ಯಾರ ನೆನಪಿನಲ್ಲಿಯೂ ಉಳಿದಿಲ್ಲ.

ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಎಂಬ ಇಬ್ಬರು ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ಅಪಾಯವಿದ್ದರೂ ಹೃದಯದ ಶಸ್ತ್ರಚಿಕಿತ್ಸೆ ಮಾಡಲು ನಿರ್ಧರಿಸಿದ ವೈದ್ಯನ ಪ್ರಸಂಗವನ್ನು ಅವರು ಜನರ ಮುಂದಿಟ್ಟರು. ಒಂದು ಕಡೆ ರೋಗಿ ಬದುಕಿದನೆಂದೂ ಇನ್ನೊಂದು ಕಡೆ ತೀರಿಕೊಂಡನೆಂದೂ ತಿಳಿಸಿದರು. ಉಳಿದ ವಿವರಗಳೆಲ್ಲ ಒಂದೇ. ಅಪಾಯದ ಪ್ರಮಾಣವೂ ಒಂದೇ. ಆದರೂ ರೋಗಿ ಬದುಕಿದ ಪ್ರಸಂಗದಲ್ಲಿ ವೈದ್ಯನ ನಿರ್ಧಾರಕ್ಕೆ ಹೆಚ್ಚು ಬೆಲೆ ದೊರೆಯಿತು.

ಇದನ್ನು ಓದುವಾಗ ನಮ್ಮ ಮನೆಗಳ ನೆನಪಾಗದಿರದು. ಹಿರಿಯರೊಬ್ಬರು ತೀರಿಕೊಂಡ ಬಳಿಕ ಎಷ್ಟು ಮನೆಗಳಲ್ಲಿ ಇದೇ ವಿಚಾರಣೆ ನಡೆದಿಲ್ಲ! ‘ಆ ಆಸ್ಪತ್ರೆಗೆ ಸೇರಿಸಬಾರದಿತ್ತು, ಒಂದು ದಿನ ಮೊದಲೇ ದೊಡ್ಡ ಊರಿಗೆ ಒಯ್ಯಬೇಕಿತ್ತು’ ಎಂದು ನೆಂಟರು ಪಿಸುಗುಟ್ಟುತ್ತಾರೆ. ರಾತ್ರಿಯೆಲ್ಲ ಹಾಸಿಗೆಯ ಬಳಿ ಕುಳಿತು, ಕೊನೆಗೆ ಕಾಗದಕ್ಕೆ ಸಹಿ ಹಾಕಿದ ಮಗನೋ ಸೊಸೆಯೋ ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ. ಆಟದ ಸೋಲನ್ನು ಸಾವಿಗೆ ಹೋಲಿಸುವುದು ಸಲ್ಲದೆಂದು ಕೆಲವರು ಹೇಳಬಹುದು, ಒಪ್ಪತಕ್ಕ ಮಾತೇ. ಆದರೆ ಎರಡು ಕಡೆಯೂ ಮನಸ್ಸು ನಡೆಯುವ ದಾರಿ ಒಂದೇ. ಅಕಸ್ಮಾತ್ತನ್ನು ಬೈಯಲು ಬರುವುದಿಲ್ಲ, ಅದಕ್ಕೆ ಮುಖವಿಲ್ಲ. ದುಃಖಕ್ಕೆ ಮುಖವೊಂದು ಬೇಕು. ತರಬೇತುದಾರನಿಗೆ ಮುಖವಿದೆ, ಸೊಸೆಗೂ ಇದೆ. ಅಭಿಮಾನಿಗಳ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ದುಃಖವೇ ಎಂದು ನನಗೆ ತೋರುತ್ತದೆ. ಆದುದರಿಂದ ಅವರನ್ನು ಅಣಕಿಸಲು ಮನಸ್ಸು ಬಾರದು.

ಬಾಸ್ಕೆಟ್‌ಬಾಲ್ ಹುಟ್ಟಿದಾಗ ಹೀಗೆ ಬೈಸಿಕೊಳ್ಳುವ ಮುಖವೊಂದು ಅದಕ್ಕಿರಲಿಲ್ಲವೆಂಬುದು ಸ್ವಾರಸ್ಯಕರ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದರು. ಅವರು ಬರೆದ 13 ನಿಯಮಗಳಲ್ಲಿ ತೀರ್ಪುಗಾರರಿದ್ದಾರೆ, ನಾಯಕರಿದ್ದಾರೆ. ತರಬೇತುದಾರನ ಸುದ್ದಿಯೇ ಇಲ್ಲ. ಮುಂದೆ ಅವರೇ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡವನ್ನು ನಡೆಸಿ, 55 ಪಂದ್ಯಗಳನ್ನು ಗೆದ್ದು 60ರಲ್ಲಿ ಸೋತರು. ಆಟವನ್ನು ಸೃಷ್ಟಿಸಿದಾತನಿಗೇ ಗೆಲುವು ವಿಧೇಯವಾಗಿರಲಿಲ್ಲ.

ಹಾಗಾದರೆ ತರಬೇತುದಾರನನ್ನು ಯಾರೂ ಏನೂ ಕೇಳಬಾರದೇ? ಕೇಳಬಹುದು, ಕೇಳಲೂಬೇಕು. ‘ಆದದ್ದಾಯಿತು, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂದು ಕೈತೊಳೆದುಕೊಳ್ಳುವುದು ಸಮಾಧಾನದ ಮಾತಿರಬಹುದು, ನ್ಯಾಯದ ಮಾತಲ್ಲ. ಪ್ರಶ್ನೆ ಹೇಗಿರಬೇಕೆಂಬುದಷ್ಟೇ ಮುಖ್ಯ. ಆ ಗಳಿಗೆಯಲ್ಲಿ ಆತನಿಗೆ ತಿಳಿದಿದ್ದುದೇನು, ತಿಳಿಯಬಹುದಾಗಿದ್ದುದೇನು? ಈ ಅಳತೆಗೋಲನ್ನು ಹಿಡಿದು ನೋಡಿದರೆ ಮೊದಲ ಬದಲಾವಣೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಎರಡನೆಯದರ ಬಗ್ಗೆ ಅಷ್ಟು ನಿಶ್ಚಿಂತೆಯಿಂದ ಹೇಳಲಾರೆ. ಪುಟಿದ ಚೆಂಡು ಕೈತಪ್ಪಿದರೆ ಏನಾಗುವುದೆಂಬುದನ್ನು ಕೆಲವೇ ಸೆಕೆಂಡುಗಳ ಹಿಂದೆ ಎಲ್ಲರೂ ಕಣ್ಣಾರೆ ಕಂಡಿದ್ದರು. ಅಷ್ಟಾದ ಮೇಲೂ ಎತ್ತರದ ಆಟಗಾರನನ್ನು ಹೊರಗಿಟ್ಟದ್ದೇಕೆ ಎಂದು ಕೇಳುವ ಅಭಿಮಾನಿ ಫಲವನ್ನು ಕಂಡು ಮಾತ್ರ ಮಾತನಾಡುತ್ತಿಲ್ಲ. ಅವನದು ಯೋಗ್ಯ ಪ್ರಶ್ನೆ. ಅದಕ್ಕೆ ಉತ್ತರವೂ ಇಲ್ಲದಿಲ್ಲ: ಮುನ್ನಡೆ ಐದರಿಂದ ಮೂರಕ್ಕೆ ಇಳಿದಿದ್ದುದರಿಂದ ಮೂರಂಕದ ಎಸೆತದ ಭಯ ಮೊದಲಿಗಿಂತ ಹೆಚ್ಚಿತ್ತು. ಇಂತಹ ವಾದದಲ್ಲಿ ಇಬ್ಬರು ವಿವೇಕಿಗಳು ಎದುರುಬದುರಾಗಿ ಕುಳಿತು, ಒಮ್ಮತಕ್ಕೆ ಬಾರದೆಯೂ ಗೌರವದಿಂದ ಎದ್ದು ಹೋಗಬಹುದು. ‘ಆತನಿಗೆ ಬುದ್ಧಿಯಿಲ್ಲ’ ಎಂದು ಆರಂಭವಾಗುವ ವಾದ ಮಾತ್ರ ಎಲ್ಲಿಗೂ ತಲುಪುವುದಿಲ್ಲ.

ಮುಂದಿನ ವರ್ಷ ನಡೆದುದನ್ನೂ ನೋಡಿ. 2014ರ ಅಂತಿಮ ಸರಣಿಯಲ್ಲಿ ಅದೇ ಎರಡು ತಂಡಗಳು ಮತ್ತೆ ಎದುರಾದವು. ಮೊದಲೆರಡು ಪಂದ್ಯಗಳಲ್ಲಿ ತಲಾ ಒಂದು ಗೆಲುವು. ಮೂರನೆಯ ಪಂದ್ಯದಲ್ಲಿ ಪೊಪೊವಿಚ್ ಎತ್ತರದ ಟಿಯಾಗೊ ಸ್ಪ್ಲಿಟರ್ ಬದಲಿಗೆ ಆರಂಭದ ಐವರಲ್ಲಿ ಒಬ್ಬರನ್ನು ಸೇರಿಸಿದರು: ಅದೇ ಬೋರಿಸ್ ಡಿಯಾವ್. ಸ್ಪರ್ಸ್ ಮುಂದಿನ ಮೂರು ಪಂದ್ಯಗಳನ್ನೂ ಹದಿನೈದಕ್ಕಿಂತ ಹೆಚ್ಚು ಅಂಕಗಳ ಅಂತರದಿಂದ ಗೆದ್ದು ಐದನೆಯ ಪ್ರಶಸ್ತಿ ಪಡೆಯಿತು. ಎತ್ತರವನ್ನು ಬಿಟ್ಟು ಚುರುಕನ್ನು ಆರಿಸಿದ ಆ ವಿಚಾರಸರಣಿ ಒಂದು ವರ್ಷ ಮೂರ್ಖತನವೆನಿಸಿತು, ಮರುವರ್ಷ ಮೇಧಾವಿತನವೆನಿಸಿತು. ಗೆದ್ದೆತ್ತಿನ ಬಾಲ ಹಿಡಿಯುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಟೆಕ್ಸಾಸಿನಲ್ಲಿಯೂ ಇದೆ.

ಬ್ರಿಟನ್ನಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಮಂಡಿಸಿದ ವಿಚಾರವೊಂದು ಇಲ್ಲಿ ಬೇರೊಂದು ಬಾಗಿಲನ್ನು ತೆರೆಯುತ್ತದೆ. ಲಾರಿ ಚಾಲಕನೊಬ್ಬನು ತನ್ನದೇನೂ ತಪ್ಪಿಲ್ಲದೆ ಮಗುವೊಂದರ ಸಾವಿಗೆ ಕಾರಣನಾಗುತ್ತಾನೆ ಎಂದುಕೊಳ್ಳಿ. ‘ನಿನ್ನ ತಪ್ಪಿಲ್ಲ’ ಎಂದು ನಾವೆಲ್ಲ ಸಂತೈಸುತ್ತೇವೆ; ಹಾಗೆ ಸಂತೈಸುವುದೇ ಸರಿ. ಆದರೆ ಅವನು ಆ ಮಾತನ್ನು ಕೂಡಲೇ ಒಪ್ಪಿಕೊಂಡು, ದಾರಿಹೋಕನಂತೆ ಹಗುರಾಗಿ ನಡೆದುಬಿಟ್ಟರೆ? ನಮಗೆ ಅವನ ಬಗ್ಗೆ ಏನೋ ಕಸಿವಿಸಿ. ಮಾಡಿದವನ ವಿಷಾದ ನೋಡಿದವನ ವಿಷಾದದಂತಲ್ಲ. ನಿರ್ಧಾರ ಸರಿಯಾಗಿದ್ದರೂ ಅದರ ಫಲವನ್ನು ಹೊರುವ ಹೊಣೆ ನಿರ್ಧರಿಸಿದವನಿಗೆ ತಪ್ಪುವುದಿಲ್ಲ. ಆದರೆ ಆ ಭಾರವನ್ನು ಅವನಾಗಿ ಹೊರಬೇಕೇ ಹೊರತು ಗ್ಯಾಲರಿಯಲ್ಲಿ ಕುಳಿತವರು ಅವನ ತಲೆಯ ಮೇಲೆ ಹೇರುವಂತಿಲ್ಲ.

ಆರನೆಯ ಪಂದ್ಯದ ರಾತ್ರಿ ಸ್ಪರ್ಸ್ ತಂಡಕ್ಕಾಗಿ ಮಯಾಮಿಯ ಊಟದ ಮನೆಯೊಂದನ್ನು ವಿಜಯೋತ್ಸವಕ್ಕೆಂದು ಕಾಯ್ದಿರಿಸಲಾಗಿತ್ತು. ಸೋಲಿನ ನಂತರ ಅದನ್ನು ರದ್ದುಗೊಳಿಸಬಹುದಿತ್ತು. ಪೊಪೊವಿಚ್ ಒಪ್ಪಲಿಲ್ಲ. ಎಲ್ಲರೂ ಅಲ್ಲಿಗೇ ಬರಬೇಕೆಂದು ಹೇಳಿ, ತಾವು ಮೊದಲೇ ಹೋಗಿ, ಕುಗ್ಗಿ ಬಂದ ಒಬ್ಬೊಬ್ಬ ಆಟಗಾರನನ್ನೂ ಬರಮಾಡಿಕೊಂಡು, ಮೇಜಿನಿಂದ ಮೇಜಿಗೆ ಹೋಗಿ ಮಾತನಾಡಿಸಿದರು. ಕೆಲವು ತಿಂಗಳುಗಳ ಬಳಿಕ ಹೊಸ ಋತುವಿನ ಅಭ್ಯಾಸ ಆರಂಭವಾದಾಗ, ಸೋತ ಆ ಕೊನೆಯ ಎರಡು ಪಂದ್ಯಗಳ ಚಿತ್ರಣವನ್ನು ಇಡೀ ತಂಡದ ಮುಂದೆ ಹಾಕಿ ತೋರಿಸಿದವರೂ ಅವರೇ. ಮರೆತುಬಿಡೋಣವೆಂದು ಅವರು ಹೇಳಲಿಲ್ಲ.

ಇನ್ನು ಡಂಕನ್. ಬೆಂಚಿನ ಮೇಲೆ ಕುಳಿತು ಪ್ರಶಸ್ತಿ ಜಾರಿಹೋಗುವುದನ್ನು ಕಂಡವರು ಅವರು. ದೂರುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅವರಿಗಿತ್ತು. ಎರಡು ದಿನಗಳ ನಂತರ ಏಳನೆಯ ಪಂದ್ಯದಲ್ಲಿ, ಒಂದು ನಿಮಿಷಕ್ಕಿಂತ ಕಡಿಮೆ ಸಮಯ ಉಳಿದು ತಂಡ ಎರಡು ಅಂಕ ಹಿಂದಿದ್ದಾಗ, ಬುಟ್ಟಿಯ ಹತ್ತಿರದಿಂದಲೇ ಎಸೆದ ಚೆಂಡು ಅವರ ಕೈಯಿಂದ ಗುರಿ ತಪ್ಪಿತು. ಹಿಂದಿರುಗಿ ಓಡಿದ ಅವರು ಬಗ್ಗಿ ಎರಡು ಕೈಗಳಿಂದ ನೆಲವನ್ನು ಬಡಿದರು. ಪಂದ್ಯದ ನಂತರ ಮಾತನಾಡಿದಾಗ, ತಮ್ಮನ್ನು ಕಾಡುವುದು ಏಳನೆಯ ಪಂದ್ಯವೇ ಎಂದು ಅವರು ಹೇಳಿದರು. ಅಭಿಮಾನಿಗಳು ಇನ್ನೂ ಆರನೆಯ ಪಂದ್ಯದಲ್ಲಿಯೇ ಇದ್ದರು.